ಒಂಬತ್ತು ಗೆರೆಗಳ ಬೋರ್ಡು

ನಮ್ಮ ಮನೆಯ ಸ್ಟೀಲ್ ಅಲಮಾರಿಯ ಹಿಂದೆ ಒಂದು ಬೋರ್ಡು ನಿಂತಿದೆ. ಪ್ಲೈವುಡ್ಡಿನ ಮೇಲೆ ಬಿಳಿ ಸನ್ಮೈಕಾ ಅಂಟಿಸಿ, ಅದರ ಮೇಲೆ ಅಡ್ಡಡ್ಡ ಕರಿ ಗೆರೆ ಎಳೆದದ್ದು. ಒಂಬತ್ತು ಗೆರೆ. ಎಳೆದವಳು ನಾನೇ. ಬೀದರಿನ ಕಾನ್ವೆಂಟಿನಲ್ಲಿ ಕಲಿತು, ಆಮೇಲೆ ಮೂವತ್ತು ವರ್ಷ ಅಲ್ಲೇ ಹುಡುಗಿಯರಿಗೆ ಇಂಗ್ಲಿಷ್ ಕಲಿಸಿದವಳು ನಾನು. ಫೋರ್ ರೂಲ್ಡ್ ನೋಟ್‌ಬುಕ್ಕಿನ ಕೆಂಪು ಗೆರೆ ನೀಲಿ ಗೆರೆಗಳ ನಡುವೆ ನನ್ನ ಆಯುಷ್ಯ ಹೋಯಿತು. ಅಕ್ಷರದ ಬಾಲ ಕೆಳಗಿನ ಕೆಂಪು ಗೆರೆ ಮುಟ್ಟಿದೆಯೋ ಇಲ್ಲವೋ ಎಂದು ಕ್ಲಾಸಿನ ಬಾಗಿಲಲ್ಲಿ ನಿಂತೇ ಹೇಳುತ್ತಿದ್ದೆ. "ಕೊರಳಾಗ ಲಿಂಗ, ಬಾಯಾಗ ಹೇಲ್ ಮೇರಿ, ಕೈಯಾಗ ಫುಟ್‌ಪಟ್ಟಿ" ಎಂದು ನನ್ನ ಅವ್ವ ನನ್ನನ್ನು ಆಡಿಕೊಳ್ಳುತ್ತಿದ್ದಳು.

ಆದರೆ ಈ ಬೋರ್ಡು ಶಾಲೆಯದಲ್ಲ, ನನ್ನ ಗಂಡನದು. ಕಾರಿನ ಬಾಗಿಲ ಮುಂದೆ ಇದನ್ನು ಹಿಡಿದರೆ ಬಾಗಿಲ ಹೊಳಪಿನಲ್ಲಿ ಒಂಬತ್ತೂ ಗೆರೆ ಮೂಡುತ್ತವೆ. ತಗಡು ಸರಿಯಿದ್ದ ಕಡೆ ಗೆರೆ ನೇರವಾಗಿರುತ್ತದೆ. ನೆಗ್ಗಿದ ಕಡೆ ಗೆರೆ ಬಾಗುತ್ತದೆ, ಒಂದರ ಹತ್ತಿರ ಒಂದು ಬಂದು ಮುದುಡಿಕೊಳ್ಳುತ್ತದೆ. ಅವರ ಇಡೀ ಕಸುಬು ಇಷ್ಟೇ: ಬಾಗಿದ ಗೆರೆ ನೇರ ಆಗುವವರೆಗೆ ತಗಡನ್ನು ಒಳಗಿನಿಂದ ಒತ್ತುವುದು. ಹೊಡೆಯುವುದಲ್ಲ, ಒತ್ತುವುದು. ಕಿಟಕಿಯ ಗಾಜು ಇಳಿಯುವ ಸಂದಿಯಲ್ಲಿ ಉದ್ದನೆಯ ಉಕ್ಕಿನ ಸರಳು ಇಳಿಸಿ, ಅದರ ತುದಿಯಿಂದ ಅಕ್ಕಿಕಾಳಿನಷ್ಟು ಅಕ್ಕಿಕಾಳಿನಷ್ಟು ಎತ್ತುತ್ತಾ ಬರಬೇಕು. ಮೊದಲು ನೆಗ್ಗಿನ ಅಂಚು, ಕೊನೆಗೆ ನಡು. ಹೊರಗಿನ ಬಣ್ಣಕ್ಕೆ ಏನೂ ತಿಳಿಯಬಾರದು. ಒಂದು ಕೂದಲೆಳೆ ಹೆಚ್ಚು ಒತ್ತಿದರೆ ಬಣ್ಣ ಬಿರಿಯುತ್ತದೆ, ಬಿರಿದ ಮೇಲೆ ದೇವರು ಬಂದರೂ ಆಗುವುದಿಲ್ಲ, ಪೇಂಟರನ್ನೇ ಕರೆಯಬೇಕು.

ಅವರ ಅಪ್ಪ ಭಾಲ್ಕಿಯಲ್ಲಿ ತಾಮ್ರದ ಕೊಡಗಳನ್ನು ಸರಿಮಾಡುತ್ತಿದ್ದರು. ಬೀದರಿನಲ್ಲಿದ್ದ ನನ್ನ ಅಪ್ಪನ ಭಾಂಡೆ-ಪಾತ್ರೆ ಅಂಗಡಿಯಿಂದ ನೆಗ್ಗಿದ ಕೊಡಗಳು ಅಲ್ಲಿಗೆ ಹೋಗುತ್ತಿದ್ದವು. ಕೊಡಗಳ ಹಿಂದೆಯೇ ನನ್ನ ಸಂಬಂಧವೂ ಹೋಯಿತು ಅನ್ನಿ. ನಾನು ಆಗ ಶೇಕ್ ಹ್ಯಾಂಡ್ ಕೊಟ್ಟು ಮಾತಾಡುವ ಹುಡುಗಿ. ಅವರು ಮಸಿ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತಿದ್ದರು. "ಕೈ ಸ್ವಚ್ಛ ಇಲ್ರಿ ಟೀಚರ್," ಅಂದರು. ಮದುವೆಯಾಗಿ ಇಷ್ಟು ವರ್ಷವಾದರೂ ಅವರು ನನ್ನನ್ನು ಕರೆಯುವುದು ಟೀಚರ್ ಎಂದೇ. ಮುಂದೆ ಅವರು ಹೈದರಾಬಾದಿನ ಗ್ಯಾರೇಜಿಗೆ ಹೋದರು. ಆಲಿಕಲ್ಲು ಬಿದ್ದು ಮೈತುಂಬಾ ಕುಳಿ ಬಿದ್ದ ಕಾರುಗಳನ್ನು ಯಾರೋ ಒಬ್ಬರು ಬಣ್ಣ ಮುಟ್ಟದೆ ಸರಿಮಾಡುವುದನ್ನು ಅಲ್ಲಿ ನೋಡಿದರು. ಇದು ನಮ್ಮಪ್ಪನ ಕೊಡದ ಕೆಲಸವೇ, ಬರೀ ನಿಧಾನ ಅಷ್ಟೇ ಎಂದು ಅವರಿಗೆ ಅನ್ನಿಸಿತಂತೆ. ಬೀದರಿಗೆ ಬಂದು ಕೊಳಾರದ ಕಡೆ ಹೋಗುವ ರಸ್ತೆಯಲ್ಲಿ, ಬಣ್ಣ ಹೊಡೆಯುವವರ ಸಾಲಿನಲ್ಲಿ ಒಂದು ತಗಡಿನ ಪತ್ರಾಸಿನ ಶೆಡ್ಡು ಹಿಡಿದರು. ಎಲ್ಲರ ಬೋರ್ಡಿನ ಮೇಲೆ ಡೆಂಟಿಂಗ್ ಪೇಂಟಿಂಗ್ ಎಂದಿದ್ದರೆ ಇವರ ಬೋರ್ಡಿನ ಮೇಲೆ ಡೆಂಟಿಂಗ್ ಮಾತ್ರ ಎಂದಿತ್ತು.

"ಉಸ್ತಾದ್, ನೀವ್ ಹಿಂಗ ಮಾಡ್ಕೋತ ಹೋದ್ರ ನಾವು ಬಣ್ಣ ಯಾರಿಗಿ ಹಚ್ಚೋಣ್ರಿ?" ಎಂದು ಪಕ್ಕದ ಶೆಡ್ಡಿನವ ಕೇಳುತ್ತಿದ್ದ.

"ನಿನ್ನ ಮೀಸಿಗಿ ಹಚ್ಕೋ, ಬೆಳ್ಳಗ ಆಗ್ಯಾವ," ಎಂದು ಇವರು ಸರಳು ಒರೆಸುತ್ತಾ ಹೇಳುತ್ತಿದ್ದರು.

ಹಾಗೆ ಇದ್ದ ಮನುಷ್ಯ.

ಎರಡು ವರ್ಷದ ಹಿಂದೆ ಭಾಲ್ಕಿಯ ಒಬ್ಬ ತೊಗರಿ ವ್ಯಾಪಾರಿಯ ಕಾರು ಬಂತು. ಬಾನೆಟ್ಟಿನ ಮೇಲೆ ಒಂದು ಸಣ್ಣ ನೆಗ್ಗು. ಅರ್ಧ ತಾಸಿನಲ್ಲಿ ತೆಗೆದರು. ಆಮೇಲೂ ಬಿಡಲಿಲ್ಲ. "ಇಲ್ಲಿ ಇನ್ನೊಂದು ಅದ," ಅಂದರು. ಬೋರ್ಡು ಹಿಡಿದು ನೋಡಿದರು, ಒತ್ತಿದರು, ಮತ್ತೆ ನೋಡಿದರು. ವ್ಯಾಪಾರಿ ಬಗ್ಗಿ ನೋಡಿ, "ಉಸ್ತಾದ್, ಏನೂ ಇಲ್ಲಲ್ರಿ," ಅಂದ. ಇವರಿಗೆ ಸಿಟ್ಟು ಬಂತು. "ಗೆರಿ ಸೊಟ್ಟ ಕಾಣ್ಲಾಕತ್ತದ, ನಿಮಗ ಕಣ್ಣಿಲ್ಲೇನ್ರಿ?" ಎಂದು ಮತ್ತೆ ಒತ್ತಿದರು. ಸರಿಯಿದ್ದ ತಗಡು ಮೊಡವೆಯಂತೆ ಎದ್ದಿತು. ಅದನ್ನು ತಟ್ಟಿ ಕೂಡಿಸಲು ಹೋದರು. ಬಣ್ಣ ಟಪ್ ಎಂದು ಬಿರಿಯಿತು. ಮಧ್ಯಾಹ್ನದ ಡಬ್ಬಿ ಕೊಡಲು ಹೋಗಿದ್ದ ನಾನು ಶೆಡ್ಡಿನ ಬಾಗಿಲಲ್ಲೇ ನಿಂತಿದ್ದೆ. ಆ ಸಣ್ಣ ಸಪ್ಪಳ ನನಗೆ ಕೇಳಿಸಿತು.

ಕಣ್ಣಿನ ಡಾಕ್ಟರು ಅವರ ಮುಂದೆ ಒಂದು ಚೌಕಳಿ ಕಾಗದ ಹಿಡಿದರು. ನಮ್ಮ ಗ್ರಾಫ್ ಪೇಪರಿನಂಥದು. "ಗೆರೆ ಎಲ್ಲಾ ನೇರ ಕಾಣ್ತಾವೇನ್ರಿ?" ಎಂದು ಕೇಳಿದರು.

"ನಿಮ್ಮ ಕಾಗದಾನ ಸೊಟ್ಟ ಅದರಿ," ಅಂದರು ಇವರು.

ಡಾಕ್ಟರು ನನ್ನ ಮುಖ ನೋಡಿದರು. ನನಗೆ ಎಲ್ಲ ಗೆರೆಯೂ ನೇರವಾಗಿ ಕಾಣುತ್ತಿತ್ತು. ಶುಗರಿನಿಂದ ಕಣ್ಣಿನ ಹಿಂದಿನ ಪರದೆ ಬಾತಿದೆ, ಅದಕ್ಕೇ ನೇರ ಇದ್ದದ್ದು ಬಾಗಿದಂತೆ ಕಾಣುತ್ತದೆ ಎಂದು ಬಿಡಿಸಿ ಹೇಳಿದರು. ಕಣ್ಣಿಗೇ ಇಂಜೆಕ್ಷನ್ ಕೊಟ್ಟರು, ಒಂದಲ್ಲ, ಎಷ್ಟೋ ಸಲ. ಇನ್ನಷ್ಟು ಕೆಡದ ಹಾಗೆ ತಡೆಯಲು ನೋಡೋಣ, ಹೋದದ್ದು ಬರುವುದಿಲ್ಲ ಎಂದರು. ಆ ಮೊದಲ ದಿನ ರಿಕ್ಷಾದಲ್ಲಿ ಮನೆಗೆ ಬರುವಾಗ ಇವರು ಒಂದೇ ಮಾತು ಆಡಿದರು. "ಅಂದ್ರ ನೆಗ್ಗು ಗಾಡಿ ಒಳಗ ಇರ್ಲಿಲ್ಲ, ಟೀಚರ್. ನನ್ನ ಕಣ್ಣಾಗ ಇತ್ತು."

ಆಮೇಲೆ ಹನ್ನೆರಡು ದಿನ ಗೋಡೆಗೆ ಮುಖ ಹಾಕಿ ಮಲಗಿದರು. ಗಡ್ಡ ಬೋಳಿಸಲಿಲ್ಲ. ಪೂಜೆಗೆ ಏಳಲಿಲ್ಲ. ಜೋಳದ ಅಂಬಲಿ ಮಾಡಿಟ್ಟರೆ ಸಂಜೆಗೆ ಅದು ಹಾಗೇ ಕೆನೆಗಟ್ಟಿರುತ್ತಿತ್ತು. ನಮಗೆ ಮಕ್ಕಳಿಲ್ಲ, ಅವರ ಕಸುಬೇ ಮನೆಯಲ್ಲಿ ಓಡಾಡುವ ಮಗುವಿನಂತಿತ್ತು. ಕೆಲಸ ಹೋದರೆ ಈ ಮನುಷ್ಯನೂ ಹೋಗುತ್ತಾನೆ ಎಂದು ನನಗೆ ಅಡುಗೆಮನೆಯಲ್ಲಿ ನಿಂತಾಗ ಖಾತ್ರಿಯಾಯಿತು. ಆನೆಸ್ಟ್ಲಿ ಹೇಳುತ್ತೇನೆ, ಅಷ್ಟು ಹೆದರಿಕೆ ನನಗೆ ಮೊದಲೆಂದೂ ಆಗಿರಲಿಲ್ಲ. ಹದಿಮೂರನೇ ದಿನ ಬೋರ್ಡನ್ನು ಅವರ ಮಂಚದ ಮೇಲಿಟ್ಟೆ.

"ಕೈ ಅವ ಅಲ್ಲ ನಿಮಗ? ಗೆರಿ ನಾ ನೋಡ್ತೇನಿ. ನೀವು ಒತ್ರಿ."

"ನೀ ಏನ್ ನೋಡ್ತಿ?"

"ಮೂವತ್ತು ವರ್ಷ ಏನ್ ನೋಡೀನಿ ಮತ್ತ?"

ಹಾಗೆ ಶುರುವಾಯಿತು. ನಾನು ಬೋರ್ಡು ಹಿಡಿದು ಸ್ಟೂಲಿನ ಮೇಲೆ ಕೂತು ಹೇಳುವುದು, ಅವರು ಒತ್ತುವುದು. "ಮೂರು ನಾಕರ ನಡು. ಎಡಕ್ಕ. ಇನ್ನಾ ಎಡಕ್ಕ. ಹಾಂ, ಅಲ್ಲೇ. ಸಾವಕಾಶ." ಡಿಕ್ಟೇಷನ್ ಕೊಟ್ಟ ಹಾಗೆಯೇ. ಗೆರೆ ನೇರವಾದಾಗ "ಸರಿ" ಅನ್ನುತ್ತಿದ್ದೆ. ಸರಿ ಅಂದ ಕೂಡಲೇ ಅವರು ಸರಳು ಹೊರಗೆ ಎಳೆದುಬಿಡುತ್ತಿದ್ದರು. ಎರಡನೇ ಸಲ ಕೇಳುತ್ತಿರಲಿಲ್ಲ. ಅವರ ಕಣ್ಣಿಗೆ ಆಗಲೂ ಗೆರೆ ಬಾಗಿಯೇ ಕಾಣುತ್ತಿತ್ತು. ತಾವು ಕಂಡದ್ದನ್ನು ಬಿಟ್ಟು ನಾನು ಹೇಳಿದ್ದನ್ನು ನಂಬುತ್ತಿದ್ದರು. ಅದು ಎಷ್ಟು ದೊಡ್ಡ ಮಾತು ಎಂದು ನನಗೆ ಆಗ ಹೊಳೆದಿರಲಿಲ್ಲ.

ಇದು ಯಾರಿಗೂ ಗೊತ್ತಾಗಬಾರದು ಎಂಬುದು ಅವರ ಒಂದೇ ಕರಾರು. "ಕುರುಡ ಉಸ್ತಾದ್ ಅನ್ನಿಸ್ಕೊಂಡು ಒಂದು ದಿನಾನೂ ಇರೂದಿಲ್ಲ ನಾ," ಎಂದಿದ್ದರು. ಗಿರಾಕಿ ಬಂದರೆ ನಾನು ಸ್ವೆಟರ್ ಹೆಣೆಯುವವಳ ಹಾಗೆ ಕೂರುತ್ತಿದ್ದೆ. ಆದರೆ ಗ್ಯಾರೇಜಿನ ಮಂದಿ ದಡ್ಡರಲ್ಲ. "ಉಸ್ತಾದ್ರು ಅಕ್ಕೋರಿಗಿ ಕಸುಬು ಕಲಿಸ್ಲಾಕತ್ತಾರೋ, ಅಕ್ಕೋರ ಉಸ್ತಾದ್ರಿಗಿ ಕಾಪಿ ಬರಸ್ಲಾಕತ್ತಾರೋ?" ಎಂದು ಪಕ್ಕದ ಶೆಡ್ಡಿನವ ನಗುತ್ತಾ ಕೇಳಿದ. ನಗುವೇ, ಆದರೆ ಇವರು ಸರಳು ಸುತ್ತಿಟ್ಟರು. ಮರುದಿನದಿಂದ ಶೆಡ್ಡಿಗೆ ಕೀಲಿ ಬಿತ್ತು. ಯಾರಾದರೂ ಫೋನ್ ಮಾಡಿದರೆ, ಗಾಡಿ ತರಬೇಡಿ, ನಾವೇ ಬರುತ್ತೇವೆ ಎನ್ನತೊಡಗಿದರು. ಯಾರೂ ಪರಿಚಯದವರಿಲ್ಲದ ಅಂಗಳಗಳಲ್ಲಿ ನಮ್ಮ ಕೆಲಸ ನಡೆಯಿತು. ಒಂದು ವರ್ಷದ ಮೇಲೆ ಹೀಗೇ ನಡೆಯಿತು.

ಈ ಮಳೆಗಾಲ ಮುಗಿದ ಮೇಲೆ ಒಬ್ಬ ಹುಡುಗಿಯ ಫೋನು ಬಂತು. ಭಾಲ್ಕಿಯ ದವಾಖಾನೆಯಲ್ಲಿ ನರ್ಸು. ತವರು ಔರಾದ ಕಡೆ, ಠಾಣಾ ಕುಶನೂರಿನ ಹತ್ತಿರದ ಹಳ್ಳಿ. ಕುರಿ ಸಾಕುವ ಮನೆ. ಆ ಮನೆತನದಲ್ಲಿ ಮೊದಲ ಕಾರು ಅವಳದೇ. ಕರಿ ಬಣ್ಣದ್ದು. ಅವ್ವನಿಗೆ ತೋರಿಸಬೇಕು ಎಂದು ಊರಿಗೆ ಒಯ್ದು, ತೊಳೆದು, ಮೈಯೆಲ್ಲಾ ಹೊಳೆಯುವ ಹಾಗೆ ಪಾಲಿಶ್ ಹಚ್ಚಿ, ಕುರಿಹಟ್ಟಿಯ ಎದುರಿಗೇ ನಿಲ್ಲಿಸಿದ್ದಾಳೆ. ಹಟ್ಟಿಯ ಟಗರು ಹೊರಗೆ ಬಂದಿದೆ. ಬಾಗಿಲ ಹೊಳಪಿನಲ್ಲಿ ತನ್ನಷ್ಟೇ ದೊಡ್ಡ ಇನ್ನೊಂದು ಟಗರು ನಿಂತು ದಿಟ್ಟಿಸುವುದನ್ನು ಕಂಡಿದೆ. ನಾಲ್ಕು ಹೆಜ್ಜೆ ಹಿಂದೆ ಸರಿದು ಗುದ್ದಿದೆ. ಎದುರಿನದು ಓಡಿಹೋಗಲಿಲ್ಲ, ಅದಕ್ಕೆ ಮತ್ತೊಮ್ಮೆ ಗುದ್ದಿದೆ.

"ಬಣ್ಣ ಹೋಗಿಲ್ರಿ ಕಾಕಾ, ತಗ್ಗು ಬಿದ್ದಾದ," ಎಂದು ಹುಡುಗಿ ಅಳುವ ದನಿಯಲ್ಲಿ ಹೇಳಿದಳು. "ಶೋರೂಮಿನವ್ರು ಪೂರಾ ಬಾಗಿಲಕ್ಕ ಹೊಸಾ ಬಣ್ಣ ಹೊಡೀಬೇಕು ಅಂತಾರ. ತಂದು ವಾರ ಆಗಿಲ್ರಿ. ಕಂಪನಿ ಬಣ್ಣ ಹೋದ್ರ ಹೊಸಾ ಗಾಡಿ ಹ್ಯಾಂಗ ಆಗ್ತದ್ರಿ?"

"ಹೋಗ್ಗೊಡೂದಿಲ್ಲ ತಂಗಿ. ಆಯಿತವಾರ ಬರ್ತೇನಿ," ಅಂದರು ಇವರು. ಫೋನಿಟ್ಟು ನನ್ನ ಕಡೆ ತಿರುಗಿದರು. ಮುಖ ನನ್ನ ಕಡೆಗಿತ್ತು, ಕಣ್ಣು ನನ್ನ ಕಿವಿಯ ಪಕ್ಕದ ಗೋಡೆಯ ಕಡೆಗೆ. ಆ ವೇಳೆಗೆ ಅಷ್ಟು ಕಡಿಮೆಯಾಗಿತ್ತು. "ಕರೀ ಗಾಡಿ, ಟೀಚರ್. ಕರೀ ಬಣ್ಣದಾಗ ಗೆರಿ ಚಂದ ಕಾಣ್ತಾವ," ಅಂದರು. ಹೊಸ ಮದುಮಗನ ಹಾಗೆ ಖುಷಿ.

ಬೀದರಿನಿಂದ ಔರಾದಿಗೆ ಬಸ್ಸು, ಅಲ್ಲಿಂದ ಇನ್ನೊಂದು. ಸರಳುಗಳನ್ನು ನನ್ನ ಹಳೇ ಸೀರೆಯಲ್ಲಿ ಸುತ್ತಿ ಅವರು ತೊಡೆಯ ಮೇಲೆ ಇಟ್ಟುಕೊಂಡಿದ್ದರು. ಬೋರ್ಡು ನನ್ನ ಮಡಿಲಲ್ಲಿ. ಕಂಡಕ್ಟರ್ ನನ್ನ ಆಧಾರ್ ಕಾರ್ಡು ನೋಡಿ, "ಅಜ್ಜಿ ಫ್ರೀ, ಅಜ್ಜಾಗ ಟಿಕೀಟು. ಈಗೀಗ ಗಂಡಸ್ರ ಬಾಳೇ ಹಿಂಗ ಆಗ್ಯಾದ್ರಿ," ಅಂದ. ಇವರು ನಕ್ಕು ಟಿಕೀಟಿಗೆ ಕೈ ಚಾಚಿದರು. ಟಿಕೀಟು ಒಂದು ಕಡೆ, ಕೈ ಇನ್ನೊಂದು ಕಡೆ. ನಾನು ಕೆಮ್ಮುತ್ತಾ ನಡುವೆ ಕೈ ಹಾಕಿ ತೆಗೆದುಕೊಂಡೆ. ಕಿಟಕಿಯ ಆಚೆ ಸೋಯಾ ಕಟಾವು ಮುಗಿದ ಹೊಲಗಳು, ಆಮೇಲೆ ಹಸಿರು ತೊಗರಿ. ಅವರಿಗೆ ಕಾಣುತ್ತಿದೆಯೋ ಇಲ್ಲವೋ ಕೇಳಲಿಲ್ಲ.

ಹುಡುಗಿಯೂ ಅವಳ ಅವ್ವನೂ ಅಂಗಳದಲ್ಲಿ ಕಾಯುತ್ತಿದ್ದರು. ಟಗರನ್ನು ದೂರದ ಬೇವಿನ ಮರಕ್ಕೆ ಕಟ್ಟಿದ್ದರು. ಅದು ಅಲ್ಲಿಂದಲೇ ಕಾರನ್ನು ನೋಡುತ್ತಿತ್ತು.

"ಇದೇ ನೋಡ್ರಿ ಕಳ್ಳ," ಎಂದು ಹುಡುಗಿ ತೋರಿಸಿದಳು.

"ಅದಕ್ಕ್ಯಾಕ ಕಳ್ಳ ಅಂತಿ?" ಅವ್ವ ಅಲ್ಲಿಂದಲೇ ಗದರಿದಳು. ಅರವತ್ತು ದಾಟಿದ ಹೆಂಗಸು, ಕೈ ಕಟ್ಟಿಗೆಯ ಹಾಗೆ ಗಟ್ಟಿ. "ಹೆಣ್ಮಗಳು ಗಾಡಿಗಿ ಕನ್ನಡಿ ಹಂಗ ಪಾಲಿಸ್ ಹಚ್ಚಿ ಹಟ್ಟಿ ಮುಂದ ತಂದು ನಿಲ್ಸೋದು, ಆಮ್ಯಾಗ ಟಗರಿಗಿ ಬೈಯೋದು. ಅದಕೇನ್ ಗೊತ್ತು ನಿನ್ನ ಶೋಕಿ? ಮನಿಗಿ ಇನ್ನೊಂದು ಟಗರು ಬಂತು ಅಂತ ತಿಳೀತು. ತನ್ನ ಕೆಲಸ ತಾ ಮಾಡ್ತು."

"ಯವ್ವಾ, ನೀ ಅದಕ್ಕ ಹಡದೀಯೋ ನನಗ ಹಡದೀಯೋ?"

"ಅದು ಹೇಳಿದ ಮಾತು ಕೇಳ್ತದ."

ನಾವೆಲ್ಲ ನಕ್ಕೆವು. ಆ ದಿನ ನಾನು ನಕ್ಕದ್ದು ಅಷ್ಟೇ.

ಡ್ರೈವರ್ ಕಡೆಯ ಬಾಗಿಲು. ಎರಡು ನೆಗ್ಗು. ಒಂದು ನಡುವಿನಲ್ಲಿ, ಊಟದ ತಾಟಿನಷ್ಟು ಅಗಲ, ಆದರೆ ಆಳವಿಲ್ಲ. ಇನ್ನೊಂದು ಬಾಗಿಲ ಹಿಂದಿನ ಅಂಚಿನ ಹತ್ತಿರ, ಅಂಗೈಯಷ್ಟು. ಅಲ್ಲಿ ತಗಡು ಎರಡು ಮಡಿಕೆ, ಸರಳು ಸರಿಯಾಗಿ ತಾಕುವುದಿಲ್ಲ. ಇವರು ಕಾರಿನ ಸುತ್ತ ಕೈ ಆಡಿಸುತ್ತಾ ಒಂದು ಸುತ್ತು ಬಂದರು, ನೋಡುವವರ ಹಾಗೆ ನಟಿಸುತ್ತಾ. ಬಿಸಿಲು ಏರಿ ಬಣ್ಣ ಬೆಚ್ಚಗಾಗುವವರೆಗೆ ಕಾದರು. ತಣ್ಣಗಿನ ಬಣ್ಣ ಬೇಗ ಬಿರಿಯುತ್ತದೆ. ಆಮೇಲೆ ಗಾಜಿನ ಸಂದಿಯಲ್ಲಿ ಕಟ್ಟಿಗೆಯ ಬೆಣೆ ಸೇರಿಸಿ, ಸರಳು ಇಳಿಸಿದರು. ನಾನು ಹುಡುಗಿ ಕೊಟ್ಟ ಸ್ಟೂಲಿನ ಮೇಲೆ ಬೋರ್ಡು ಹಿಡಿದು ಕೂತೆ.

"ಅಕ್ಕೋರು ಯಾಕ್ರಿ ಹಿಡ್ಕೊಂಡು ಕುಂತೀರಿ? ಗ್ವಾಡಿಗಿ ಆನಿಸಿ ಇಡ್ರಲ್ಲ," ಎಂದಳು ಅವ್ವ.

"ಅಕಿಗಿ ಮನ್ಯಾಗ ಕುಂತು ಬ್ಯಾಸರ ಆಗ್ತದರಿ," ಎಂದರು ಇವರು.

ದೊಡ್ಡ ನೆಗ್ಗಿಗೆ ಎರಡು ತಾಸು ಹಿಡಿಯಿತು. "ಐದರ ಮ್ಯಾಲ. ಬಲಕ್ಕ. ಸಾಕು ಸಾಕು. ಈಗ ಆರು." ನಾನು ಪಿಸುಗುಟ್ಟುತ್ತಾ ಹೋದೆ, ಅವರ ಕೈ ನನ್ನ ಮಾತಿನ ಹಿಂದೆ ಬಂತು. ಕರಿ ಬಣ್ಣದ ಒಳಗೆ ನನ್ನ ಬಿಳಿ ಬೋರ್ಡು, ಬೋರ್ಡಿನ ಹಿಂದೆ ನನ್ನ ಮುಖ. ಬಾಗಿದ್ದ ಗೆರೆ ಒಂದೊಂದೇ ಬಿಡಿಸಿಕೊಂಡು ನೆಟ್ಟಗೆ ನಿಂತವು. ಎಷ್ಟು ಚಂದದ ಕೆಲಸ ಅದು! ನಮ್ಮ ಮದರ್ ಸುಪೀರಿಯರ್ ಇದ್ದಿದ್ದರೆ ವೆರಿ ಗುಡ್ ಎಂದು ಬರೆದು ಸಹಿ ಹಾಕುತ್ತಿದ್ದರು. "ಸರಿ," ಅಂದೆ. ಸರಳು ಹೊರಗೆ ಬಂತು.

ಊಟಕ್ಕೆ ಏಳಲಿಲ್ಲ. ರೊಟ್ಟಿ ಬಡಿಯುವ ಸಪ್ಪಳ ಒಳಗಿಂದ ಕೇಳುತ್ತಿತ್ತು. ಅಂಚಿನ ನೆಗ್ಗು ಮುಗಿಸಿಯೇ ಉಣ್ಣುತ್ತೇನೆ ಎಂದು ಹಟ ಹಿಡಿದರು. ಅದು ಮುಗಿಯಲಿಲ್ಲ. ಸರಳು ಜಾರುತ್ತಿತ್ತು. ಮುಕ್ಕಾಲು ಪಾಲು ಎದ್ದಿತು, ಕೊನೆಯ ಕಾಲು ಪಾಲು ನಿಂತುಬಿಟ್ಟಿತು. ಎಂಟನೇ ಗೆರೆ ತುದಿಯಲ್ಲಿ ಸ್ವಲ್ಪ ಬಗ್ಗಿತ್ತು, ಅಕ್ಷರ ಕಲಿಯುವ ಮಗು ಬರೆಯುತ್ತಾ ನಿದ್ದೆಗೆ ಜಾರಿದ ಹಾಗೆ. ಅವರ ಹಣೆಯ ಮೇಲೆ ತಣ್ಣನೆಯ ಬೆವರು ಒಡೆದಿತ್ತು. ಶುಗರ್ ಇಳಿದಾಗ ಹೀಗಾಗುತ್ತದೆ. ಸರಳು ಹಿಡಿದ ಕೈ ನಡುಗುತ್ತಿತ್ತು. ಆ ನಡುಗುವ ತುದಿ ಬಣ್ಣದ ಹಿಂದೆ ಎಲ್ಲಿ ಒತ್ತುತ್ತದೆಯೋ ಯಾರಿಗೆ ಗೊತ್ತು. ಭಾಲ್ಕಿಯ ಕಾರಿನ ಆ ಟಪ್ ಸಪ್ಪಳ ನನ್ನ ಕಿವಿಯಲ್ಲಿ ಎದ್ದು ನಿಂತಿತು. ಇನ್ನೊಮ್ಮೆ ಬಣ್ಣ ಬಿರಿದರೆ ಇವರು ಮತ್ತೆ ಗೋಡೆಗೆ ಮುಖ ಹಾಕುತ್ತಾರೆ. ಈ ಸಲ ಹದಿಮೂರನೇ ದಿನ ಏಳುವುದಿಲ್ಲ.

"ಏನಾತು ಟೀಚರ್? ಹೇಳು."

ಗೆರೆ ನೋಡಿದೆ. ಬಗ್ಗಿತ್ತು. ಯಾರ ಕಣ್ಣಿಗೆ ಬೀಳಬೇಕು ಅದು?

"ಸರಿ," ಅಂದೆ.

ಸರಳು ಹೊರಗೆ ಬಂತು. ಅವರು ನೆಲದ ಮೇಲೆ ಕೂತುಬಿಟ್ಟರು. ಮುಖ ಅರಳಿತ್ತು. ನಾನು ಬ್ಯಾಗಿನಿಂದ ಬೆಲ್ಲದ ಚೂರು ತೆಗೆದು ಅವರ ಬಾಯಿಗೆ ಹಾಕಿದೆ. ಹುಡುಗಿ ಓಡಿ ಬಂದಳು, ಬಾಗಿಲ ಎದುರು ಆ ಕಡೆ ಈ ಕಡೆ ಬಗ್ಗಿ ನೋಡಿದಳು. "ಕಾಕಾ, ಏನ್ ಜಾದು ಮಾಡಿದ್ರಿ? ಏನೂ ಕಾಣವಲ್ದು!" ಎಂದು ಕುಣಿದಳು. ನನಗೆ ಉಸಿರು ಬಂತು.

ಅಷ್ಟರಲ್ಲಿ ಅವ್ವ ಹಿಟ್ಟಿನ ಕೈ ಸೆರಗಿಗೆ ಒರೆಸಿಕೊಳ್ಳುತ್ತಾ ಬಂದಳು. ಅವಳು ಬಗ್ಗಿ ನೋಡಲಿಲ್ಲ. ಕುರಿಯ ಬೆನ್ನು ಸವರುವ ಹಾಗೆ ಅಂಗೈಯನ್ನು ಬಾಗಿಲ ಮೇಲಿಟ್ಟು ಮುಂದಿನಿಂದ ಹಿಂದಕ್ಕೆ ಸರಿಸಿದಳು. ಅಂಚಿನ ಹತ್ತಿರ ಕೈ ನಿಂತಿತು. ಹಿಂದೆ ಬಂತು, ಮತ್ತೆ ನಿಂತಿತು.

"ಇಲ್ಲೊಂದು ಉಳದದ್ರಿ ಅಣ್ಣಾ," ಅಂದಳು.

"ಇಲ್ರಿ ಅಕ್ಕ, ಎಲ್ಲಾ ಬರೋಬರ್ ಅದ," ಎಂದರು ಇವರು ಕೂತಲ್ಲಿಂದಲೇ, ಬೆಲ್ಲ ಚೀಪುತ್ತಾ.

"ಅದ ನೋಡ್ರಿ. ಕುರಿ ಚರ್ಮದ ಕೆಳಗ ಗಂಟು ಇದ್ರ ಕಣ್ಣಿಗಿ ಕಾಣೂದಿಲ್ಲ, ಕೈಗಿ ತಿಳೀತದ. ಹಂಗ. ನೀವೇ ನೋಡ್ರಿ ಬಂದು."

ನೀವೇ ನೋಡ್ರಿ. ಅವರು ಎದ್ದರು. ಅವ್ವ ಅವರ ಕೈ ಹಿಡಿದು ಆ ಜಾಗದ ಮೇಲಿಟ್ಟಳು. ಬೆರಳು ಒಂದು ಸಲ ಹೋಗಿ ಬಂದವು. ಅಷ್ಟೇ. ಅವರು ಕಾರಿನ ಕಡೆ ತಿರುಗಲಿಲ್ಲ, ನನ್ನ ಕಡೆ ತಿರುಗಿದರು.

"ನಿನಗ ಕಂಡಿತ್ತು?"

ಹುಡುಗಿ, ಅವ್ವ, ಇಬ್ಬರೂ ಅಲ್ಲೇ ನಿಂತಿದ್ದರು. ಕಂಡಿರಲಿಲ್ಲ ಎನ್ನಬಹುದಿತ್ತು. ಮುದುಕಿಯ ಕಣ್ಣು, ತಪ್ಪಿತು ಎನ್ನಬಹುದಿತ್ತು.

"ಕಂಡಿತ್ರಿ," ಅಂದೆ.

"ಕಂಡಿತ್ತು, ಮತ್ತ ಸರಿ ಅಂದಿ."

"ನಿಮ್ಮ ಕೈ ನಡುಗ್ಲಾಕತ್ತಿತ್ತು. ಬಣ್ಣ ಹೋಗ್ತದ ಅಂತ ಹೆದರಿದ್ನಿ."

ಅವರು ಬಾಗಿಲ ಮೇಲಿನ ಕೈ ತೆಗೆದರು. ಆಮೇಲೆ ಕೇಳಿದರು. ದನಿ ಏರಿಸಲಿಲ್ಲ, ಏರಿಸಿದ್ದರೆ ಚೆನ್ನಾಗಿತ್ತು. "ಭಾಲ್ಕಿ ಗಾಡಿ ಆದ ಮ್ಯಾಲ ನೀ ಎಷ್ಟು ಗಾಡಿಗಿ ಸರಿ ಅಂದೀ? ಅದ್ರಾಗ ಎಷ್ಟು ಖರೆ, ಎಷ್ಟು ಸುಳ್ಳು?"

"ಎಲ್ಲಾ ಖರೆ. ಇದೊಂದೇ."

"ನನಗ ಹ್ಯಾಂಗ ತಿಳೀಬೇಕು ಟೀಚರ್?" ಅಂದರು. "ನನಗ ಈಗ ಹ್ಯಾಂಗ ತಿಳೀಬೇಕು?"

ಬಣ್ಣ ಉಳಿಸಲು ಹೋಗಿ ಏನನ್ನು ಬಿರಿಸಿದೆ ಎಂದು ಆಗ ತಿಳಿಯಿತು.

ಅವರು ಅವ್ವನ ಕಡೆ ಮುಖ ಮಾಡಿದರು. "ಅಕ್ಕ, ನನಗ ಕಣ್ಣು ಕಾಣೂದಿಲ್ರಿ. ಎರಡು ವರ್ಷ ಆಯ್ತು. ಇಕಿ ನೋಡಿ ಹೇಳ್ತಿದ್ಳು, ನಾ ಒತ್ತತಿದ್ದೆ," ಎಂದರು. ಯಾವ ಮಾತು ಯಾರಿಗೂ ಗೊತ್ತಾಗಬಾರದು ಎಂದು ಶೆಡ್ಡಿಗೆ ಕೀಲಿ ಹಾಕಿದ್ದರೋ, ಅದನ್ನು ಗುರುತಿಲ್ಲದ ಅಂಗಳದಲ್ಲಿ ಮೂರು ವಾಕ್ಯದಲ್ಲಿ ಹೇಳಿ ಮುಗಿಸಿದರು. "ನಿಮ್ಮ ಕೈ ಜರಾ ಹೊರಗಿಂದ ಇಲ್ಲಿ ಇಡ್ರಿ. ನಾ ಒಳಗಿಂದ ಒತ್ತೇನಿ. ನನ್ನ ಸರಳು ನಿಮ್ಮ ಅಂಗೈಗಿ ತಾಕಿದ್ದು ತಿಳೀತದ ಏನ್ ನೋಡ್ರಿ."

"ಮೊದಲ ಒಂದು ರೊಟ್ಟಿ ತಿನ್ರಿ. ಕೈ ನಡುಗೋದು ನಿಲ್ಲಲಿ," ಅಂದಳು ಅವ್ವ. ಅವಳ ದನಿಯಲ್ಲಿ ಅಯ್ಯೋ ಪಾಪ ಇರಲಿಲ್ಲ. ಕಾಲು ಮುರಿದ ಕುರಿಗೂ ಅವಳು ಹಾಗೇ ಮಾತಾಡುತ್ತಾಳೇನೋ.

ಅವರು ಉಂಡರು, ರೊಟ್ಟಿ, ತೊಗರಿಬೇಳೆ, ಹಿಂಡಿಪಲ್ಲೆ. ನನ್ನ ತಾಟಿನಲ್ಲಿ ರೊಟ್ಟಿ ಹಾಗೇ ಉಳಿಯಿತು. ಆಮೇಲೆ ಇಬ್ಬರೂ ಕೆಲಸಕ್ಕೆ ಕೂತರು. ಹೊರಗೆ ಅವಳ ಅಂಗೈ, ಒಳಗೆ ಇವರ ಸರಳು, ನಡುವೆ ತಗಡು. "ಇಲ್ಲಿ ತಾಕ್ತು. ಜರಾ ನನ್ನ ಕಡೆ. ಹಾಂ, ಬಂತು ಬಂತು. ಇನ್ನಾ ಒಂದು ಸಾಸಿವಿ ಕಾಳಿನಷ್ಟು." ನಾನು ಸ್ಟೂಲಿನಿಂದ ಎದ್ದಿದ್ದೆ. ಬೋರ್ಡು ಹಿಡಿ ಎಂದು ಯಾರೂ ಹೇಳಲಿಲ್ಲ. ಬೇವಿನ ಮರದ ಕೆಳಗೆ ಟಗರಿನ ಪಕ್ಕ ಅದನ್ನು ತಬ್ಬಿಕೊಂಡು ನಿಂತೆ. ಟಗರು ಒಮ್ಮೆ ಬೋರ್ಡನ್ನು ಮೂಸಿ ನೋಡಿ ಮುಖ ತಿರುಗಿಸಿತು.

ಬಣ್ಣ ಬಿರಿಯಲಿಲ್ಲ. ನೆಗ್ಗು ಪೂರಾ ಹೋಯಿತು. ಅವ್ವ ಮೂರು ಸಲ ಕೈ ಆಡಿಸಿ, "ಈಗ ಸರಿ," ಅಂದಳು. ನಾನು ಹೇಳಬೇಕಿದ್ದ ಮಾತು. ಹುಡುಗಿ ಬಗ್ಗಿ ಇವರ ಕಾಲು ಮುಟ್ಟಿದಳು, ಬೀದರಿನವರೆಗೆ ಕಾರಿನಲ್ಲೇ ಬಿಡುತ್ತೇನೆ ಎಂದಳು. ಬಸ್ಸಿಗೇ ಹೋಗುತ್ತೇವೆ ಅಂದರು ಇವರು.

ಬಸ್ಸು ಔರಾದ ದಾಟಿತು. ನಾನೇ ಬಾಯಿ ಬಿಟ್ಟೆ. "ಇನ್ನ ಮ್ಯಾಲ ಒಂದೂ ಸುಳ್ಳು ಹೇಳೂದಿಲ್ರಿ. ನಿಮಗ ಎಷ್ಟ ತ್ರಾಸ ಆದ್ರೂ ಹೇಳೂದಿಲ್ಲ. ಪ್ರಾಮಿಸ್." ಕಾನ್ವೆಂಟಿನ ಹುಡುಗಿಯ ಹಾಗೆ ಗಂಟಲ ಚರ್ಮ ಹಿಡಿದು ಹೇಳಿದೆ. ಅವರಿಗೆ ಅದು ಕಾಣಲಿಲ್ಲ. ಸೀರೆಯಲ್ಲಿ ಸುತ್ತಿದ ಸರಳುಗಳನ್ನು ತೊಡೆಯ ಮೇಲೆ ಹೊರಳಿಸುತ್ತಾ ಕೂತಿದ್ದರು. ಮರುದಿನ ಅವುಗಳಿಗೆ ಎಣ್ಣೆ ಸವರಿ, ಅಲಮಾರಿಯ ಕೆಳಗಿನ ಖಾನೆಯಲ್ಲಿ ಇಟ್ಟರು. ಫೋನು ಬಂದರೆ, ಉಸ್ತಾದರು ಕೆಲಸ ಬಿಟ್ಟಿದ್ದಾರೆ ಎಂದು ತಾವೇ ಹೇಳಿದರು. ಆಯಿತವಾರ ಪಕ್ಕದ ಶೆಡ್ಡಿನವ ಬಂದು ಕೂತ. ಅವನಿಗೂ ಕಣ್ಣಿನ ವಿಷಯ ಹೇಳಿದರು. ಅವ ತಮಾಷೆ ಮಾಡಲಿಲ್ಲ, ಚಹಾ ಕುಡಿದು ಕಣ್ಣೊರೆಸಿಕೊಂಡು ಹೋದ.

ಗೋಡೆಗೆ ಮುಖ ಹಾಕಿ ಮಲಗಲಿಲ್ಲ. ಅದಷ್ಟೇ ಸಮಾಧಾನ. ಬೆಳಿಗ್ಗೆ ಪೂಜೆ ಮುಗಿದ ಮೇಲೆ ಕುರ್ಚಿ ಎಳೆದುಕೊಂಡು ಅಲಮಾರಿಯ ಎದುರು ಕೂರುತ್ತಾರೆ. "ಹಿಡಿ," ಅನ್ನುತ್ತಾರೆ. ನಾನು ಬೋರ್ಡು ಹಿಡಿಯುತ್ತೇನೆ. ಎಷ್ಟು ಗೆರೆ ಕಾಣುತ್ತವೆ, ಎಷ್ಟು ಸೊಟ್ಟ, ಎಷ್ಟು ಮಾಸಿವೆ ಎಂದು ಅವರು ಹೇಳುತ್ತಾರೆ. ಹೌದೋ ಅಲ್ಲವೋ ಎಂದು ಕೇಳುತ್ತಾರೆ. ಇದ್ದದ್ದು ಇದ್ದ ಹಾಗೆ ನಾನು ಹೇಳುತ್ತೇನೆ. ದೀಪಾವಳಿಯ ಹೊತ್ತಿಗೆ ಆರು ಕಾಣುತ್ತಿದ್ದವು. ಆಮೇಲೆ ನಾಲ್ಕು. ಆಮೇಲೆ ಬೋರ್ಡು ಬರೀ ಬೆಳ್ಳಗಿನ ಒಂದು ಬೆಳಕು. ಸುಳ್ಳು ಹೇಳಲು ಪ್ರತಿ ಬೆಳಿಗ್ಗೆ ಜೀವ ಹಾತೊರೆಯುತ್ತದೆ. ನುಂಗಿಕೊಳ್ಳುತ್ತೇನೆ.

ಮೊನ್ನೆ ನನ್ನ ಮೊಣಕಾಲು ಹಿಡಿದುಕೊಂಡಿತ್ತು. ಅವರು ಆಗಲೇ ಕುರ್ಚಿಯಲ್ಲಿ ಕೂತಿದ್ದರು. ನಾನು ಅಲಮಾರಿಯ ಹಿಂದಿನಿಂದ ಬೋರ್ಡು ಎಳೆದು ನೆಲಕ್ಕೆ ಆನಿಸಿ, ಸ್ವಲ್ಪ ಸುಧಾರಿಸಿಕೊಳ್ಳುತ್ತಾ ನಿಂತಿದ್ದೆ. ಬೋರ್ಡಿನ ಸಪ್ಪಳ ಅವರಿಗೆ ಕೇಳಿಸಿರಬೇಕು. ಒಮ್ಮೆಲೇ ಅವರ ಮುಖ ಅರಳಿತು. ಠಾಣಾ ಕುಶನೂರಿನ ಹತ್ತಿರದ ಆ ಅಂಗಳದಲ್ಲಿ ಬೆಲ್ಲ ಚೀಪುವಾಗ ಅರಳಿತ್ತಲ್ಲ, ಹಾಗೆ.

"ಟೀಚರ್, ಇವತ್ತ ಕಾಣ್ಲಾಕತ್ತಾವ. ಒಂಬತ್ತೂ ಕಾಣ್ಲಾಕತ್ತಾವ. ಎಲ್ಲಾ ನೆಟ್ಟಗ ಅವ. ಹೌದಿಲ್ಲೋ?"

ಬೋರ್ಡು ನನ್ನ ಕಾಲ ಬುಡದಲ್ಲಿತ್ತು. ಗೆರೆಗಳು ಗೋಡೆಯ ಕಡೆಗಿದ್ದವು.

ಹೌದು ಎನ್ನಲು ಒಂದು ಕ್ಷಣ ಸಾಕಿತ್ತು. ಬೋರ್ಡಿನ ಅಂಚು ಹಿಡಿದುಕೊಂಡೆ.

"ಇನ್ನಾ ಹಿಡದಿಲ್ರಿ," ಅಂದೆ.

ಅರಳಿದ್ದ ಅವರ ಮುಖ ನಿಧಾನವಾಗಿ ಮಡಚಿಕೊಂಡಿತು. ನಾನು ಕಣ್ಣು ತೆಗೆಯದೆ ನೋಡಿದೆ, ಅದು ನನ್ನ ಪಾಲಿನ ಕೆಲಸ. ಆಮೇಲೆ ಅವರು ಕೈ ಚಾಚಿದರು, ಗಾಳಿಯಲ್ಲಿ ನನ್ನ ಮಣಿಕಟ್ಟು ಹುಡುಕಿ ಹಿಡಿದುಕೊಂಡರು.

"ಖರೆ ಹೇಳ್ದಿ," ಅಂದರು. "ಹಂಗಾದ್ರ ಈಗ ಹಿಡಿ."

ನಾನು ಬೋರ್ಡು ಎತ್ತಿ ಹಿಡಿದೆ.